ರಾಡಿ ತೆಗೆಯಲು ಮಿನಿ ಟ್ರ್ಯಾಕ್ಟರ್ ಹುಡುಕಿದ್ದು

ಟಾರ್ ರಸ್ತೆಯಿಂದ ನಮ್ಮ ತೋಟದ ಮನೆಗೆ 300 ಅಡಿ ದಾರಿ. ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕು, ಡೋಣಿ ಹೊಳೆ ಜಾಸ್ತಿ ದೂರವಿಲ್ಲ. ‘ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ’ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಎರೆಮಣ್ಣು ಸೆಪ್ಟೆಂಬರ್ ಮಳೆಗೆ ಮೇಲಿನ ಹೊಲದಿಂದ ಹರಿದು ಬಂದು ದಾರಿಗೆ ಹಾಕಿದ ಗರಸಿನ (ಕಲ್ಲುಮಿಶ್ರಿತ ಗಟ್ಟಿ ಮಣ್ಣಿನ) ಮೇಲೆ ಗೇಣುದ್ದ ಕೂತರೆ ಬೈಕು ಹೋಗಲಿ, ಕಾಲೇ ಹೊರಗೆ ಬರುವುದಿಲ್ಲ. ಅಷ್ಟರಲ್ಲಿ ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಬಂದಿರುತ್ತದೆ. ಆಳು ಬರಬೇಕು, ಔಷಧಿ ಬರಬೇಕು.

ಎರಡು ವರ್ಷ ಜೆಸಿಬಿ ಕರೆಸಿದೆ. ರಾಡಿಯ ಜೊತೆ ಗರಸನ್ನೂ ಬಾಚಿಕೊಂಡು ಹೋಯಿತು. ಬಾಡಿಗೆ ಕೊಟ್ಟು ದಾರಿ ಕಳೆದುಕೊಂಡ ಹಾಗಾಯಿತು.

ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಒಮ್ಮೆ ವಿಡಿಯೊ ಕಳಿಸಿದ. ಪುಟ್ಟ ಟ್ರ್ಯಾಕ್ಟರ್, ಮುಂದೆ ಓರೆಯಾಗಿ ಕಟ್ಟಿದ ಬ್ಲೇಡ್, ಟೈರಿಗೆ ಸರಪಳಿ. ಮನೆ ಮುಂದಿನ ಹಿಮ ಒಂದು ಬದಿಗೆ ಸರಿದು ಬೀಳುತ್ತಿತ್ತು. “ಮಾಮಾ, ಹೊಸಾ ಹಿಮ ಹತ್ತಿ ಇದ್ದಂಗ. ಗಾಡಿ ಹಾಯ್ದು ಒತ್ತಿಬಿಟ್ರ ಕಲ್ಲ ಆಗ್ತದ್ರಿ, ಅದಕ್ಕ ಬಿದ್ದ ಕೂಡ್ಲೇ ತಗೀಬೇಕು” ಅಂದ. ನಮಗೂ ಇಂಥದ್ದೇ ಬೇಕು ಅನ್ನಿಸಿತು. ಕೂಡಲೇ ತೆಗೆಯಬೇಕು ಅನ್ನುವ ಮಾತನ್ನೂ ಹಾಗೇ ನಂಬಿದೆ. ಅದರ ಕಥೆ ಆಮೇಲೆ.

ಮೊದಲು ಪಕ್ಕದ ಕಾಕಾ ಅವರ 13 ಎಚ್‌ಪಿ ಪವರ್ ಟಿಲ್ಲರಿಗೆ ಹಲಗೆ ಕಟ್ಟಿ ನೋಡಿದೆ. ಅದನ್ನು ಹೊಡೆಯುವವನು ರಾಡಿಯಲ್ಲೇ ನಡೆಯಬೇಕಲ್ಲ! ಹತ್ತು ಮಾರು ಹೋಗುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು, ಒಂದು ಚಪ್ಪಲಿ ಇಂದಿಗೂ ಸಿಕ್ಕಿಲ್ಲ. ದೊಡ್ಡ 45 ಎಚ್‌ಪಿ ಟ್ರ್ಯಾಕ್ಟರ್ ತರಿಸಿದರೆ ಅದರ ಭಾರಕ್ಕೆ ದಾರಿಯಲ್ಲಿ ಎರಡು ಕಾಲುವೆ ಬಿದ್ದವು. ದ್ರಾಕ್ಷಿ ಸಾಲಿನಲ್ಲಂತೂ ಅದು ತಂತಿ, ಬಳ್ಳಿ ಎಲ್ಲಕ್ಕೂ ತಾಗುತ್ತದೆ.

ಹಾಗಾಗಿ ಮಿನಿ ಟ್ರ್ಯಾಕ್ಟರ್. ವರ್ಷಕ್ಕೆ ನಾಲ್ಕು ದಿನದ ರಾಡಿಗಾಗಿ ಗಾಡಿ ಕೊಳ್ಳಲು ಆಗುವುದಿಲ್ಲ, ಅದು ಸಾಲಿನಲ್ಲಿ ಓಡಾಡಿ ಪಿಟಿಒದಿಂದ (ಎಂಜಿನ್ನಿನ ಶಕ್ತಿ ಹೊರಗೆ ಕೊಡುವ ಹಿಂದಿನ ಶಾಫ್ಟ್) ಔಷಧಿ ಸಿಂಪಡಿಸುವ ಬ್ಲೋವರನ್ನೂ ತಿರುಗಿಸಬೇಕು. ಮಹೀಂದ್ರಾ ಜಿವೊ 245, ಕುಬೋಟಾ ನಿಯೊಸ್ಟಾರ್ ಬಿ2441 ಎರಡನ್ನೂ ನೋಡಿದೆ. ಎರಡೂ 24 ಎಚ್‌ಪಿ, ಎರಡಕ್ಕೂ ನಾಲ್ಕೂ ಗಾಲಿಗೆ ಎಳೆತ ಇದೆ. ಇದಕ್ಕಿಂತ ಕಡಿಮೆ ಬೆಲೆಗೆ ಎರಡೇ ಗಾಲಿ ಎಳೆಯುವ ಒಂದು ಹಳೆಯ ಗಾಡಿಯೂ ಬಂತು, ಆಸೆಯಾಗಿದ್ದು ಸುಳ್ಳಲ್ಲ. ಮಳೆಯಾದ ಮರುದಿನವೇ ತಂದು ತೋರಿಸಿ ಅಂದೆ. ಗೇಟಿನ ತಿರುವಿನಲ್ಲೇ ನಿಂತಿತು. ಬಗ್ಗಿ ನೋಡಿದರೆ ಟೈರಿನ ಹಲ್ಲುಗಳ ನಡುವೆ ಎರೆ ತುಂಬಿ ಗಾಲಿ ಪೂರಾ ನುಣ್ಣಗಾಗಿತ್ತು, ಎಣ್ಣೆ ಹಚ್ಚಿದ ರೋಲರ್ ಥರ. ಕುರ್ಚಗಿಯಿಂದ ಕೆರೆದು ತೆಗೆದೆವು, ಎರಡು ಸುತ್ತಿಗೆ ಮತ್ತೆ ತುಂಬಿತು. ಎಚ್‌ಪಿ ಎಷ್ಟಿದ್ದರೇನು, ನೆಲ ಹಿಡಿಯದಿದ್ದರೆ? ಅಲ್ಲಿಗೆ ನನ್ನ ತೀರ್ಮಾನ ಆಯಿತು.

ಕೊನೆಗೆ ನಾಲ್ಕೂ ಗಾಲಿ ಎಳೆಯುವ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಕೊಂಡೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ಅಗಲ ಅಳೆದೆ, ನಮ್ಮ 9 ಅಡಿ ಸಾಲಿನಲ್ಲಿ ಎರಡೂ ಕಡೆ ಜಾಗ ಉಳಿಯಿತು. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿದೆ, ಹಿಡಿತ ಬಂತು. ಒಂದು ಎಚ್ಚರಿಕೆ: ಟಾರ್ ರಸ್ತೆಗೆ ಬಂದ ಕೂಡಲೇ ಮುಂದಿನ ಗಾಲಿಯ ಎಳೆತ ಬಿಡಿಸಬೇಕು. ಗಟ್ಟಿ ನೆಲದಲ್ಲಿ ಗಾಲಿ ಜಾರುವುದಿಲ್ಲ, ಒಳಗಿನ ಗೇರಿನ ಮೇಲೆ ಜಗ್ಗಾಟ ಬೀಳುತ್ತದೆ.

ಮುಂದೆ ಕಟ್ಟುವ ಬ್ಲೇಡಿನ ಖರ್ಚು ಬೇಡವೆಂದು ಹಿಂದೆ ನೇಗಿಲು ಕಟ್ಟುವ ಮೂರು ಲಿಂಕಿಗೆ ಹಾಕುವ ಬ್ಲೇಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮೊದಲ ಮಳೆ ನಿಂತ ಅರ್ಧ ಗಂಟೆಗೇ ಕೆನಡಾದ ಪಾಠ ನೆನಪಿಸಿಕೊಂಡು ಇಳಿದೆ. ಹಿಮ ಜಾರುತ್ತದೆ, ಎರೆ ಅಂಟುತ್ತದೆ. ಬ್ಲೇಡಿಗೆ ಮೆತ್ತಿದ ಮಣ್ಣು ಗುಡ್ಡೆಯಾಗಿ ಗಾಡಿಯನ್ನೇ ಹಿಂದಕ್ಕೆ ಜಗ್ಗಿತು. ಅವ್ವ ಕಟ್ಟೆ ಮೇಲೆ ನಿಂತು, “ತಮ್ಮಾ, ರಾಡಿ ತಗೀಲಿಕ್ಕ ಹೋಗಿಯೋ, ದಾರಿ ಸಾರಸ್ಲಿಕ್ಕೋ?” ಅಂದಳು.

ಈಗ ಕಾಯುತ್ತೇನೆ. ಒಂದು ಹಿಡಿ ರಾಡಿ ತೆಗೆದು ಉಂಡೆ ಕಟ್ಟುತ್ತೇನೆ. ಅಂಗೈಗೆ ಮೆತ್ತಿದರೆ ಇನ್ನೂ ಬೇಡ. ಕೈಗೆ ಅಂಟದೆ ಉಂಡೆ ನಿಂತರೆ ಗಾಡಿ ತೆಗೆಯುತ್ತೇನೆ. ಬಿಸಿಲಿದ್ದರೆ ಎರಡು ದಿನ ಸಾಕು. ನಾಲ್ಕು ದಿನ ಬಿಟ್ಟರೆ ಬಿರಿದು ಹೆಂಟೆಯಾಗುತ್ತದೆ, ಆಗ ಬ್ಲೇಡ್ ಮೇಲಿಂದ ಹಾರುತ್ತದೆ.

ಬ್ಲೇಡನ್ನು ಓರೆ ಮಾಡಿ, ಗರಸಿಗಿಂತ ಎರಡು ಬೆರಳು ಮೇಲೆ ನಿಲ್ಲಿಸಿ ಎಳೆದರೆ ರಾಡಿ ಬದಿಯ ಕಾಲುವೆಯ ಕಡೆ ಸರಿಯುತ್ತದೆ. ಹಿಂದಿನ ಗಾಲಿ ದಿಬ್ಬ ಹತ್ತಿದಾಗ ಬ್ಲೇಡೂ ಏಳುತ್ತದೆ, ಗಾಲಿ ಇಳಿದರೆ ಅದು ನೆಲ ಕಚ್ಚುತ್ತದೆ. ಅದಕ್ಕೇ ಒಂದೇ ಸಲಕ್ಕೆ ಎಲ್ಲಾ ತೆಗೆಯಲು ಹೋಗದೆ ಮೂರು ಸಲ ತೆಳ್ಳಗೆ ಎಳೆಯುತ್ತೇನೆ. ಕೊನೆಯ ಸಲ ಬ್ಲೇಡನ್ನು ಹಿಂದುಮುಂದು ತಿರುಗಿಸಿ ಹಾಕಿದರೆ ಅದು ಕಚ್ಚುವುದಿಲ್ಲ, ಸುಮ್ನೆ ಸವರಿಕೊಂಡು ಹೋಗುತ್ತದೆ. ದಾರಿಯ ನಡು ಸ್ವಲ್ಪ ಉಬ್ಬಿರಲಿ ಅಂತ ನೋಡಿಕೊಳ್ಳುತ್ತೇನೆ, ನೀರು ತಾನಾಗಿ ಬದಿಗೆ ಹೋಗುತ್ತದೆ.

ಗೇಟಿನ ಮೂಲೆಗೆ ಮಾತ್ರ ಬ್ಲೇಡ್ ಹೋಗುವುದಿಲ್ಲ. ಅಲ್ಲಿ ಈಗಲೂ ಸಲಿಕೆಯೇ.