ಫ್ಯೂಯಲ್ ಫ್ಲೋ ಸೊನ್ನೆಗೆ ಬಿದ್ದು ಎದ್ದಾಗ: ಸೆನ್ಸರ್ ಬಿಚ್ಚುವ ಮೊದಲು ನೋಡಬೇಕಾದ್ದು

ಪುಣೆ ಹೊರವಲಯದ ಶೆಡ್ಡಿನಲ್ಲಿ ನಾವೇ ಕಟ್ಟಿದ ಎರಡು ಸೀಟಿನ ವಿಮಾನ. ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್, ಅದಕ್ಕೆ ಹರಿಯುವ ಪೆಟ್ರೋಲನ್ನು (ಫ್ಯೂಯಲ್ ಫ್ಲೋ) ಅಳೆಯಲು ಎಲ್ಲರೂ ರೆಡ್ ಕ್ಯೂಬ್ ಅನ್ನುವ ಎಫ್‌ಟಿ-60 ಸೆನ್ಸರ್. ಕ್ರೂಸ್‌ನಲ್ಲಿ ಗಂಟೆಗೆ 18–19 ಲೀಟರ್ ತೋರಿಸುತ್ತಿದ್ದ ಮೀಟರು ಇದ್ದಕ್ಕಿದ್ದಂತೆ ಸೊನ್ನೆ. ಎರಡು ಸೆಕೆಂಡಿಗೆ ಮತ್ತೆ 18. ಒಮ್ಮೊಮ್ಮೆ 40. ಎಂಜಿನ್ ಸದ್ದಿನಲ್ಲಿ ಮಾತ್ರ ಎಳ್ಳಷ್ಟೂ ಏರುಪೇರಿಲ್ಲ.

ಮೊದಲು ತೀರ್ಮಾನವಾಗಬೇಕಾದ್ದು ಒಂದೇ: ಕುಣಿಯುತ್ತಿರುವುದು ಪೆಟ್ರೋಲೋ, ಬರೀ ಅಂಕಿಯೋ? ಇದಕ್ಕೆ ಫ್ಯೂಯಲ್ ಪ್ರೆಶರ್ ಗೇಜ್ ಸಾಕ್ಷಿ. ಈ ಎಂಜಿನ್ನಿಗೆ 0.15ರಿಂದ 0.4 ಬಾರ್ ಇರಬೇಕು. ಫ್ಲೋ ಸೊನ್ನೆಗಿಳಿದಾಗಲೂ ಪ್ರೆಶರ್ ಮುಳ್ಳು ಕದಲದಿದ್ದರೆ ತಂಟೆ ಬಹುಮಟ್ಟಿಗೆ ವೈರಿಂಗ್ ಬದಿಯದು. ಪ್ರೆಶರ್ ಸಹ ಬೀಳುತ್ತಿದ್ದರೆ ಸೆನ್ಸರನ್ನು ಮರೆತುಬಿಡಿ. ಫಿಲ್ಟರ್, ಟ್ಯಾಂಕಿನ ವೆಂಟ್ (ಗಾಳಿಕಿಂಡಿ), ಪಂಪ್, ಹೋಸ್ ನೋಡಿ. ಅಲ್ಲಿಯವರೆಗೆ ವಿಮಾನ ನೆಲ ಬಿಡಬಾರದು. ಎಂಜಿನ್ ಓಡುತ್ತಲೇ ಇದೆಯಲ್ಲ ಎಂಬ ಸಮಾಧಾನ ಬೇಡ, ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲು ಸ್ವಲ್ಪ ಹೊತ್ತು ಅದನ್ನು ಓಡಿಸುತ್ತದೆ.

ಅಂಕಿ ಹೇಗೆ ಕೆಡುತ್ತದೆ ಎಂಬುದೇ ಅರ್ಧ ಉತ್ತರ. ಪಟ್ಟನೆ ಸೊನ್ನೆಗೆ ಬಿದ್ದು ಪಟ್ಟನೆ ಎದ್ದರೆ ಎಲ್ಲೋ ವೈರ್ ತುಂಡಾಗುತ್ತಿದೆ. ದಿನದಿನಕ್ಕೆ ಇಳಿಯುತ್ತ ಬಂದರೆ ಒಳಗಿನ ಚಕ್ರಕ್ಕೆ ಕಸ ಸಿಕ್ಕಿದೆ, ಇಲ್ಲವೇ ಬೇರಿಂಗ್ ಸವೆದಿದೆ. ಎಲೆಕ್ಟ್ರಿಕ್ ಪಂಪ್ ಹಾಕಿದಾಗ ಮಾತ್ರ ಏರಿದರೆ ಪಂಪಿನ ಮಿಡಿತ. ರೇಡಿಯೋ ಬಟನ್ ಒತ್ತಿದಾಗಷ್ಟೇ ಹಾರಿದರೆ ಆಂಟೆನಾ ಕೇಬಲ್ ಕಡೆ ತಿರುಗಿ, ಅದರ ಕನೆಕ್ಟರ್ ಸಡಿಲವಿದ್ದೀತು. ನಮ್ಮದು ಮೊದಲನೆಯ ಜಾತಿ. 4,000 ಆರ್‌ಪಿಎಂ ಮೇಲೆ ಹೆಚ್ಚು, ಐಡಲ್‌ನಲ್ಲಿ ಕಡಿಮೆ. ಅಂದರೆ ಕಂಪನ.

ಸೆನ್ಸರಿನ ಒಳಗೆ ಒಂದು ಪುಟ್ಟ ಚಕ್ರ. ಪೆಟ್ರೋಲು ಅದನ್ನು ತಿರುಗಿಸುತ್ತದೆ, ಅದು ಬೆಳಕಿನ ಕಿರಣವನ್ನು ಕತ್ತರಿಸಿದಾಗಲೆಲ್ಲ ಒಂದು ಪಲ್ಸ್. ಕೆಂಪು ವೈರ್ ಪವರ್, ಕಪ್ಪು ಗ್ರೌಂಡ್, ಬಿಳಿ ಸಿಗ್ನಲ್. ಕೆ-ಫ್ಯಾಕ್ಟರ್ (ಇಷ್ಟು ಪೆಟ್ರೋಲಿಗೆ ಇಷ್ಟು ಪಲ್ಸ್ ಎಂಬ ಸಂಖ್ಯೆ) ಅಮೆರಿಕನ್ ಗ್ಯಾಲನ್ನಿಗೆ ಸುಮಾರು 68,000, ಅಂದರೆ ಲೀಟರಿಗೆ ಹತ್ತಿರ ಹತ್ತಿರ 18,000 ಪಲ್ಸ್. ಗಂಟೆಗೆ 18.5 ಲೀಟರ್ ಹರಿದರೆ ಸೆಕೆಂಡಿಗೆ 92. ಟೇಕಾಫ್‌ನ 27 ಲೀಟರಿಗೆ 135. ಈ ಲೆಕ್ಕ ಕೈಯಲ್ಲಿದ್ದರೆ ಹರ್ಟ್ಜ್ ಅಳೆಯುವ ಸಾಧಾರಣ ಮಲ್ಟಿಮೀಟರೇ ಸಾಕು, ಆಸಿಲೋಸ್ಕೋಪ್ ಹುಡುಕಿಕೊಂಡು ಹೋಗಬೇಕಿಲ್ಲ.

ಎಂಜಿನ್ ಓಡುತ್ತಿರುವಾಗ ಪ್ರೊಪೆಲ್ಲರ್ ಹಿಂದೆ ಕೈ ಹಾಕಿ ವೈರ್ ಅಲುಗಾಡಿಸುವ ಹುಚ್ಚು ಬೇಡ. ನಾವು ಮಾಡಿದ್ದು ಹೀಗೆ. ಇಗ್ನಿಶನ್ ಎರಡೂ ಆಫ್, ವಿಮಾನಕ್ಕೂ ಕ್ಯಾನಿಗೂ ಅರ್ಥಿಂಗ್ ಕ್ಲಿಪ್, ಶೆಡ್ಡಿನ ಹೊರಗೆ, ಅಗ್ನಿಶಾಮಕ ಕೈಗೆಟಕುವಲ್ಲಿ. ಸೆನ್ಸರಿನ ಮುಂದಿನ ಹೋಸನ್ನು ಕಾರ್ಬುರೇಟರ್ ಬದಿಯಲ್ಲಿ ಬಿಚ್ಚಿ ಲೋಹದ ಕ್ಯಾನಿಗೆ ಬಿಟ್ಟೆವು. ಪ್ಲಾಸ್ಟಿಕ್ ಕ್ಯಾನ್ ಬೇಡ, ಇಲ್ಲಿಯ ಚಳಿಗಾಲದ ಒಣಹವೆಯಲ್ಲಿ ಸ್ಟ್ಯಾಟಿಕ್ ಕಿಡಿಗೆ ಅದು ಆಹ್ವಾನ. ಎಲೆಕ್ಟ್ರಿಕ್ ಪಂಪ್ ಒಂದು ನಿಮಿಷ ಓಡಿಸಿ ಅಳೆದರೆ ಸುಮಾರು 600 ಮಿಲಿ. ಪಂಪ್ ವ್ಯವಸ್ಥೆಗೆ ಟೇಕಾಫ್ ಬಳಕೆಯ 125 ಶೇಕಡಾ ಹರಿವು ಬೇಕು, ಅದು ನಿಮಿಷಕ್ಕೆ 563 ಮಿಲಿ; ಗುರುತ್ವದ ಮೇಲೆ ಹರಿಯುವ ವ್ಯವಸ್ಥೆಗಾದರೆ 150 ಶೇಕಡಾ, 675 ಮಿಲಿ. ಒಂದೇ ಪರೀಕ್ಷೆಯಲ್ಲಿ ಎರಡು ಕೆಲಸ ಆಯಿತು: ಎಂಜಿನ್ ಓಡಿಸದೆಯೇ ಸೆನ್ಸರಿಗೆ ಹರಿವೂ ಸಿಕ್ಕಿತು, ಪೆಟ್ರೋಲ್ ಬದಿ ಸರಿ ಇದೆ ಎಂದೂ ಗೊತ್ತಾಯಿತು.

ಹರಿವು ನಿಮಿಷಕ್ಕೆ 600 ಮಿಲಿ ಇದ್ದಾಗ ಡಿಸ್‌ಪ್ಲೇ ಹಿಂದಿನ ಕನೆಕ್ಟರಿನಲ್ಲಿ ಬಿಳಿ ವೈರಿನ ಮೇಲೆ 180 ಹರ್ಟ್ಜ್ ಬರಬೇಕು. ಬಂತು. ಕನೆಕ್ಟರನ್ನು ಹಿಂದಿನಿಂದ ಚುಚ್ಚಿ ಅಳೆಯಿರಿ, ವೈರಿನ ಕವಚ ಚುಚ್ಚಿದರೆ ಮಳೆಗಾಲದಲ್ಲಿ ಅಲ್ಲೇ ತುಕ್ಕು ಹಿಡಿಯುತ್ತದೆ. ನಾನಿನ್ನೂ ಸೆನ್ಸರ್ ಬಿಚ್ಚುವ ಯೋಚನೆಯಲ್ಲೇ ಇದ್ದೆ. ನಮ್ಮ ವಿಜಯಪುರದ ಎಲೆಕ್ಟ್ರಿಷಿಯನ್, “ಸರ, ಅದನ್ನ ಬಿಚ್ಚಬ್ಯಾಡ್ರಿ. ಮೊದಲ ವೈರ್ ಹಿಡದು ಅಲುಗಾಡ್ಸಿ ನೋಡ್ರಿ,” ಅಂದ. ಡಿಸ್‌ಪ್ಲೇ ಕಡೆಯಿಂದ ಶುರುಮಾಡಿ ಗೇಣು ಗೇಣಿಗೂ ಬಾಗಿಸುತ್ತ ಬಂದೆವು. ಫೈರ್‌ವಾಲ್ (ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಗೋಡೆ) ದಾಟುವ ರಬ್ಬರ್ ಬಳಿ ಏನೂ ಇಲ್ಲ. ಸೆನ್ಸರಿನಿಂದ ನಾಲ್ಕು ಬೆರಳು ದೂರದ ಜಾಯಿಂಟ್ ಮುಟ್ಟಿದ್ದೇ ತಡ, 180 ಸೊನ್ನೆಯಾಯಿತು.

ಮೂರು ವೈರಲ್ಲಿ ಯಾವುದು? ಕಪ್ಪು ವೈರಿನ ಸೆನ್ಸರ್ ಬದಿಯ ತುದಿಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟ್ ನೋಡಿದರೆ 0.1ಕ್ಕಿಂತ ಕಡಿಮೆ ಇರಬೇಕು. ಬಾಗಿಸಿದಾಗ ಅದು 10 ವೋಲ್ಟ್ ದಾಟುತ್ತಿತ್ತು. ಗ್ರೌಂಡೇ ಕಳಚುತ್ತಿದೆ. ಹೀಟ್‌ಶ್ರಿಂಕ್ (ಜಾಯಿಂಟಿನ ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಸೀಳಿ ಭೂತಗನ್ನಡಿ ಹಿಡಿದರೆ 19 ಎಳೆಗಳಲ್ಲಿ ಉಳಿದದ್ದು ಮೂರು. ಮಿಕ್ಕವು ಬೆಸುಗೆ ಮುಗಿಯುವ ಗೆರೆಯಲ್ಲೇ ಕತ್ತರಿಸಿಟ್ಟಂತೆ ಮುರಿದು, ತುದಿಗಳು ಒಂದಕ್ಕೊಂದು ಉಜ್ಜಿ ಕಪ್ಪಾಗಿದ್ದವು. ಬೆಸುಗೆ ಹಾಕಿದ್ದು ನಾನೇ. ಸೀಸ ಎಳೆಗಳ ನಡುವೆ ಹೀರಿಕೊಂಡು ವೈರು ಕಡ್ಡಿಯಂತೆ ಗಟ್ಟಿಯಾಗುತ್ತದೆ, ಗಟ್ಟಿ ಮುಗಿದು ಮೆತ್ತಗೆ ಶುರುವಾಗುವಲ್ಲಿ ಕಂಪನವೆಲ್ಲ ಬಂದು ಬೀಳುತ್ತದೆ. ಅದರ ಮೇಲೆ ಆ ಜಾಗದಲ್ಲಿ 20 ಸೆಂ.ಮೀ. ವೈರು ಆಸರೆಯಿಲ್ಲದೆ ಜೋತಾಡುತ್ತಿತ್ತು. 40 ಲೀಟರ್ ತೋರಿಸುತ್ತಿದ್ದ ಒಗಟೂ ಇಲ್ಲೇ ಬಿಡಿಸಿಕೊಂಡಿತು: ಸಂಪರ್ಕ ಟಕಟಕ ಅಂದಾಗಲೆಲ್ಲ ಅದನ್ನೂ ಡಿಸ್‌ಪ್ಲೇ ಪಲ್ಸ್ ಎಂದು ಎಣಿಸುತ್ತಿತ್ತು.

ರಿಪೇರಿಗೆ ಬಿಸಿ ತಡೆಯುವ ಕವಚದ 22 ಗೇಜಿನ ಟೆಫ್‌ಜೆಲ್ ವೈರ್, ಬೆಸುಗೆಯಿಲ್ಲದೆ ಲೋಹದ ತೋಳು ಒತ್ತಿ ವೈರ್ ಜೋಡಿಸುವ ರಾಚೆಟ್ ಕ್ರಿಂಪರ್, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್. ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಹೀಟ್‌ಶ್ರಿಂಕ್, ಮಲ್ಟಿಮೀಟರ್ ಎಲ್ಲ ಸಿಗುತ್ತವೆ, ಆದರೆ ಮನೆ ವೈರಿಂಗಿನ ಪಿವಿಸಿ ವೈರನ್ನು ಎಂಜಿನ್ ಬದಿಗೆ ತರಬೇಡಿ. ಇಕ್ಕಳದಿಂದ ಜಜ್ಜಿದ್ದು ಕ್ರಿಂಪ್ ಅಲ್ಲ. ಒಂದು ಮಾದರಿ ಕ್ರಿಂಪ್ ಮಾಡಿ ಸಾಮಾನು ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎಳೆದೆವು. ಈ ಗೇಜಿಗೆ 7 ಕಿಲೋ ತಡೆಯಬೇಕು. ಮೂರು ಜಾಯಿಂಟ್‌ಗಳನ್ನೂ ಒಂದೇ ಕಡೆ ಗುಡ್ಡೆಹಾಕದೆ ಎರಡೆರಡು ಸೆಂ.ಮೀ. ಸರಿಸಿ, ಎರಡೂ ಬದಿಗೆ ಕ್ಲ್ಯಾಂಪ್ ಕೊಟ್ಟೆವು. ಗ್ರೌಂಡನ್ನು ಎಂಜಿನ್ ಬ್ಲಾಕಿಗೆ ಕಟ್ಟದೆ ಡಿಸ್‌ಪ್ಲೇ ಗ್ರೌಂಡಿಗೇ ಒಯ್ದೆವು. ವೈರಿನ ಸುತ್ತ ಲೋಹದ ಜಾಲರಿ (ಶೀಲ್ಡ್) ಇದ್ದರೆ ಅದನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ.

ಸೆನ್ಸರನ್ನೇ ಬಿಚ್ಚುವ ಪ್ರಸಂಗ ಬಂದರೆ ಏರ್ ಕಂಪ್ರೆಸರ್ ಹತ್ತಿರವೂ ತರಬೇಡಿ, ಗಾಳಿಯ ಹೊಡೆತಕ್ಕೆ ಚಕ್ರ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ. ಸಿರಿಂಜಿನಲ್ಲಿ ಸೋಸಿದ ಪೆಟ್ರೋಲು ತುಂಬಿ ಹಿಂದುಮುಂದಾಗಿ ತೊಳೆದರೆ ಸಾಕು. ಹೋಸ್ ಕತ್ತರಿಸುವಾಗ ಉಳಿದ ರಬ್ಬರ್ ಚೂರು, ಸೀಲಂಟಿನ ಎಳೆ ಇಲ್ಲೇ ಬಂದು ಕೂರುತ್ತವೆ. ಟೆಫ್ಲಾನ್ ಟೇಪ್ ಸುತ್ತಿದವರಿಗಂತೂ ಇದು ತಪ್ಪಿದ್ದಲ್ಲ. ಬಂಕಿನ ಇ20 (20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು) ಹಳೆಯ ರಬ್ಬರನ್ನು ಬೇಗ ಹಾಳುಮಾಡುತ್ತದೆ, ಮೇಲಾಗಿ ರೋಟಾಕ್ಸ್ ಒಪ್ಪುವುದು ಇ10ರವರೆಗೆ ಮಾತ್ರ. ಮತ್ತೆ ಕೂರಿಸುವಾಗ ವೈರುಗಳು ಮೇಲ್ಮುಖವಾಗಿರಲಿ.

ಏಪ್ರಿಲ್–ಮೇ ಬಿಸಿಲಲ್ಲಿ ಇನ್ನೊಂದು ವೇಷ. ಇಳಿದು 20 ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಅಂಕಿ ಕುಣಿಯುತ್ತದೆ, ಈ ಸಲ ಪ್ರೆಶರ್ ಕೂಡ ಜೊತೆಗೆ ಕುಣಿಯುತ್ತದೆ. ಅದು ಆವಿಗುಳ್ಳೆ. ಸೆನ್ಸರನ್ನು ಎಕ್ಸಾಸ್ಟಿನಿಂದ ದೂರವಿಟ್ಟು ಹೋಸಿಗೆ ಫೈರ್‌ಸ್ಲೀವ್ (ಬಿಸಿ ತಡೆಯುವ ಹೊದಿಕೆ) ಹಾಕಿ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್ ಕಟ್ಟಿಕೊಂಡಿಲ್ಲ ತಾನೇ ನೋಡಿ. ಪ್ರೆಶರ್ ಸ್ಥಿರವಾಗುವ ತನಕ ಟೇಕಾಫ್ ಇಲ್ಲ. ಅಂದಹಾಗೆ ರಿಟರ್ನ್ ಕವಲಿಗಿಂತ ಮೊದಲು ಸೆನ್ಸರ್ ಇದ್ದರೆ ಅದು ಟ್ಯಾಂಕಿಗೆ ವಾಪಸ್ ಹೋಗುವುದನ್ನೂ ಎಣಿಸುತ್ತದೆ. ಆ ಲೈನನ್ನು ಒಂದು ನಿಮಿಷ ಕ್ಯಾನಿಗೆ ಬಿಟ್ಟು ಅಳೆದು ಎಷ್ಟೆಂದು ತಿಳಿದುಕೊಳ್ಳಿ.

ವೈರು ಸರಿಯಾದ ಮೇಲೆ ಕೆ-ಫ್ಯಾಕ್ಟರ್. ಮೂರು ಸಲ, ಒಂದೇ ಸಮತಟ್ಟು ಜಾಗದಲ್ಲಿ, ಒಂದೇ ಗುರುತಿನವರೆಗೆ ಟ್ಯಾಂಕ್ ತುಂಬಿಸಿ. ಡಿಸ್‌ಪ್ಲೇ ಒಟ್ಟು 41.2 ಲೀಟರ್ ಖರ್ಚು ಎಂದು, ತುಂಬಿಸಿದ್ದು 39.0 ಆದರೆ, 68,000 ಗುಣಿಸು 41.2, ಭಾಗಿಸು 39.0: ಹೊಸ ಸಂಖ್ಯೆ 71,836. ಹಾರಾಟದ ಪೆಟ್ರೋಲ್ ಲೆಕ್ಕಕ್ಕೆ ಅದನ್ನು ನಂಬುವ ಮೊದಲು ಇನ್ನೊಂದು ಟ್ಯಾಂಕಿನಲ್ಲಿ ಪರೀಕ್ಷಿಸಿ. ಐಡಲ್‌ನಲ್ಲಿ ಅರ್ಧ ಲೀಟರ್ ಆಚೀಚೆ ಆಡುವುದು ಉಳಿದೇ ಉಳಿಯುತ್ತದೆ, ಅದು ಕಾರ್ಬುರೇಟರ್ ಬಟ್ಟಲಿಗೆ ಪೆಟ್ರೋಲು ಬಿಡುವ ಫ್ಲೋಟ್ ಸೂಜಿ ತೆರೆದು ಮುಚ್ಚುವುದರ ಪರಿಣಾಮ. ಅದರ ಬೆನ್ನು ಹತ್ತಿ ಮತ್ತೆ ಎಂಜಿನ್ ಹೊದಿಕೆ (ಕೌಲಿಂಗ್) ಬಿಚ್ಚಬೇಡಿ.