ಒಂದೇ ಹೆಸರಿನಡಿ ಎಷ್ಟು ಹಾವಸೆ? – ನನ್ನ ಅನುಭವ

ಹಾವಸೆಗಳ (ಮಾಸ್) ಹರವಿನ ನಕ್ಷೆ ನೋಡಿದಾಗಲೆಲ್ಲ ನನಗೆ ಮೊದಲು ಹುಟ್ಟುವುದು ಅನುಮಾನ. ಹೂಬಿಡುವ ಗಿಡವೊಂದು ಯುರೋಪಿನಲ್ಲೂ, ಪೂರ್ವ ಆಫ್ರಿಕಾದಲ್ಲೂ, ಉತ್ತರ ಅಮೆರಿಕದ ಪಶ್ಚಿಮ ಅಂಚಿನಲ್ಲೂ ತಾನಾಗಿ ಬೆಳೆಯುತ್ತದೆ ಎಂದರೆ ಸಸ್ಯಶಾಸ್ತ್ರಜ್ಞರು ಹುಬ್ಬೇರಿಸುತ್ತಾರೆ. ಅದೇ ಮಾತನ್ನು ಹಾವಸೆಯ ಬಗ್ಗೆ ಹೇಳಿ ನೋಡಿ, ಯಾರಿಗೂ ಆಶ್ಚರ್ಯವಾಗುವುದಿಲ್ಲ. ‘ಬೀಜಕ ಸಣ್ಣದು, ಗಾಳಿ ಹೊತ್ತೊಯ್ಯುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ಎಷ್ಟೋ ಹಾವಸೆಗಳ ಬೀಜಕ 10ರಿಂದ 20 ಮೈಕ್ರೋಮೀಟರ್ ಅಷ್ಟೇ. ಆದರೆ ಬೇರೆ ಬೇರೆ ಪ್ರಭೇದಗಳನ್ನು ನಾವೇ ಒಂದು ಹೆಸರಿನಡಿ ತುಂಬಿರಲೂಬಹುದು. ಮರದ ತೊಗಟೆಯ ಮೇಲೆ ಗುಪ್ಪೆಗುಪ್ಪೆಯಾಗಿ ಬೆಳೆಯುವ ಆರ್ಥೋಟ್ರೈಕೇಸೀ ಕುಟುಂಬದ ಹಾವಸೆಗಳನ್ನು ಹಿಡಿದು ಕೂತದ್ದು ಈ ಎರಡರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ನೋಡಲು.

ಅನುಮಾನಕ್ಕೆ ಕಾರಣ ಹೆಸರಿಡುವ ಚರಿತ್ರೆಯಲ್ಲೇ ಇದೆ. ಜವುಗುಗಳಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಒಂದನ್ನು ಬಿಟ್ಟು ಉಳಿದ ಹಾವಸೆಗಳ ಹೆಸರಿಗೆ ಅಧಿಕೃತ ಆರಂಭ ಸಸ್ಯಶಾಸ್ತ್ರಜ್ಞ ಹೆಡ್ವಿಗ್ ಅವರ 1801ರ ಪುಸ್ತಕ. ಆಮೇಲೆ ದೂರದ ಖಂಡಗಳಿಂದ ಒಣಗಿದ ಮಾದರಿಗಳು ಬಂದಾಗ, ಯುರೋಪಿನಲ್ಲಿ ಆಗಲೇ ಗೊತ್ತಿದ್ದ ಹೆಸರು ಹೊಂದುವಂತೆ ಕಂಡರೆ ಅದನ್ನೇ ಅಂಟಿಸಿದ್ದೂ ಉಂಟು. ಹಾಗೆಂದು ಹೆಸರು ಅಂಟಿಸಿದವರನ್ನು ದೂರುವಂತಿಲ್ಲ. ಒಂದೆರಡು ಸೆಂಟಿಮೀಟರ್ ಗಿಡ, ಒಂದೇ ಪದರದ ಜೀವಕೋಶಗಳ ಎಲೆ, ಹೂವಿಲ್ಲ, ಹಣ್ಣಿಲ್ಲ. ಹೋಲಿಸಲು ಸಿಗುವ ಲಕ್ಷಣಗಳೇ ಕೆಲವು.

ಮಾದರಿ ಆರಿಸುವಾಗ ನಾನು ಹಾಕಿಕೊಂಡ ನಿಯಮ ಒಂದೇ: ಹೆಸರಿನ ಇಡೀ ಹರವಿನಿಂದ ತರಬೇಕು, ಅದರಲ್ಲೂ ಆ ಹೆಸರಿಗೆ ಮೂಲವಾದ ಮಾದರಿ ಸಿಕ್ಕ ಸೀಮೆಯದ್ದು ಇರಲೇಬೇಕು. ಅದಿಲ್ಲದೆ ಮಾಡಿದ ವಿಂಗಡಣೆಯಲ್ಲಿ, ಒಡೆದ ಗುಂಪುಗಳಲ್ಲಿ ಹಳೆಯ ಹೆಸರು ಯಾವುದಕ್ಕೆ ಸಲ್ಲಬೇಕು ಎಂಬುದು ಕೊನೆಯವರೆಗೂ ಇತ್ಯರ್ಥವಾಗುವುದಿಲ್ಲ. ಹಾಗಾಗಿ ಹೊಸದಾಗಿ ಕಿತ್ತು ತಂದದ್ದಕ್ಕಿಂತ ಹರ್ಬೇರಿಯಂ (ಒಣಗಿದ ಗಿಡಗಳ ಸಂಗ್ರಹಾಲಯ) ಪೊಟ್ಟಣಗಳ ಜೊತೆ ಕಳೆದ ಹೊತ್ತೇ ಹೆಚ್ಚು. ಹಾವಸೆ ಈ ವಿಷಯದಲ್ಲಿ ಉಪಕಾರಿ ಗಿಡ. ಹಾಳೆಗಳ ನಡುವೆ ಒತ್ತಿ ಒಣಗಿಸಬೇಕಿಲ್ಲ, ಕಾಗದ ಮಡಿಸಿ ಒಳಗಿಟ್ಟರೆ ಸಾಕು. ದಶಕಗಳ ನಂತರ ಬಿಸಿನೀರು ಹನಿಸಿದರೂ ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಡಿಎನ್‌ಎ ಮಾತ್ರ ಅಷ್ಟು ಉದಾರಿಯಲ್ಲ. ವರ್ಷ ಕಳೆದಂತೆ ಅದು ತುಂಡುತುಂಡಾಗುತ್ತದೆ, ಹಳೆಯ ಪೊಟ್ಟಣಗಳಿಂದ ಗಿಡ್ಡ ತುಣುಕುಗಳನ್ನಷ್ಟೇ ಓದಲಾಗುತ್ತದೆ.

ಈ ಕೆಲಸದಲ್ಲಿ ನಿಜವಾದ ಶ್ರಮ ಎಲ್ಲಿದೆ ಎಂದು ಹೊಸಬರು ಕೇಳಿದರೆ, ಯಂತ್ರದ ಹತ್ತಿರ ಅಲ್ಲ, ಇಕ್ಕಳದ ತುದಿಯಲ್ಲಿ ಎನ್ನುತ್ತೇನೆ. ಒಂದು ಗುಪ್ಪೆ ಅಂದರೆ ಒಂದು ಗಿಡವಲ್ಲ. ಎರಡು ಮೂರು ಪ್ರಭೇದಗಳು ಹೆಣೆದುಕೊಂಡಿರುತ್ತವೆ, ಕೆಲವೊಮ್ಮೆ ಒಂದೇ ಕುಲದ ಹತ್ತಿರದ ಬಂಧುಗಳೇ. ಮೊದಲು ಗುಪ್ಪೆಯನ್ನು ನೆನೆಸಿ, ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ಒಂದೇ ಒಂದು ಕಾಂಡವನ್ನು ಬುಡಸಮೇತ ಬಿಡಿಸುತ್ತೇನೆ. ಹಸಿರಾದ ಮೇಲ್ತುದಿ ಡಿಎನ್‌ಎಗೆ. ಅದೇ ಕಾಂಡದ ಕೆಳಗಿನ ಎಲೆಗಳು ಮತ್ತು ಬೀಜಕಕೋಶ, ಅಂದರೆ ಬೀಜಕ ತುಂಬಿದ ಪುಟ್ಟ ಚೀಲ, ಸ್ಲೈಡಿಗೆ. ಎರಡಕ್ಕೂ ಒಂದೇ ಸಂಖ್ಯೆ. ಗುಪ್ಪೆಯ ಇನ್ಯಾವುದೋ ಕಾಂಡವನ್ನು ಅಳೆದು, ಮತ್ತ್ಯಾವುದರದೋ ಡಿಎನ್‌ಎ ಓದಿ, ‘ರೂಪ ಒಂದೇ, ಜೀನ್ ಬೇರೆ’ ಎಂದು ಘೋಷಿಸುವುದು ಬಹಳ ಸುಲಭ. ಕಣ್ಣಿಗೆ ಒಂದೇ, ಜೀನಿನಲ್ಲಿ ಬೇರೆ ಎನ್ನುವ ‘ಗುಪ್ತ ಪ್ರಭೇದ’ದ ಸುದ್ದಿ ಕೇಳಿದಾಗ ಈ ಜೋಡಣೆ ಹೇಗೆ ಮಾಡಿದರು ಎಂದೇ ನಾನು ಮೊದಲು ಹುಡುಕುತ್ತೇನೆ.

ತುದಿಯನ್ನೂ ತೊಳೆಯಬೇಕು. ಎಲೆಗಳ ಸಂದಿಯಲ್ಲಿ ಶಿಲೀಂಧ್ರದ ಎಳೆಗಳು, ಶೈವಲದ ಕೋಶಗಳು ಇದ್ದೇ ಇರುತ್ತವೆ. ಕೋಶಕೇಂದ್ರದ ಡಿಎನ್‌ಎಯಲ್ಲಿ ನಾವು ಓದುವ ಐಟಿಎಸ್ ಎಂಬ ಭಾಗ ಅವುಗಳಲ್ಲೂ ಇದೆ. ಓದಬೇಕಾದ ಭಾಗವನ್ನು ಹಿಡಿಯುವ ಡಿಎನ್‌ಎ ತುಣುಕಾದ ಪ್ರೈಮರ್ ಸಾರ್ವತ್ರಿಕದ್ದಾದರೆ ಶಿಲೀಂಧ್ರದ ಪಾಠವೇ ಚೊಕ್ಕಟವಾಗಿ ಬಂದುಬಿಡುತ್ತದೆ. ಕೋಶದ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನ ಡಿಎನ್‌ಎ ಭಾಗಗಳಲ್ಲಿ ಶಿಲೀಂಧ್ರದ ಈ ಕಾಟವಿಲ್ಲ.

ಒಂದು ಅನುಕೂಲ ಮಾತ್ರ ದೊಡ್ಡದು. ಹಾವಸೆಯಲ್ಲಿ ನಾವು ನೋಡುವ ಹಸಿರು ಗಿಡ ಹ್ಯಾಪ್ಲಾಯ್ಡ್, ಪ್ರತಿ ವರ್ಣತಂತುವಿನದೂ ಒಂದೇ ಪ್ರತಿ. ಹೂಗಿಡಗಳಲ್ಲಿ ತಾಯಿಯ ಪ್ರತಿ, ತಂದೆಯ ಪ್ರತಿ ಬೆರೆತು ಒಂದೇ ಜಾಗದಲ್ಲಿ ಎರಡು ಅಕ್ಷರ ಕಾಣುವ ತೊಡಕು ಇಲ್ಲಿ ಸಾಮಾನ್ಯವಾಗಿ ಇಲ್ಲ. ಎರಡು ಅಕ್ಷರ ಕಂಡರೆ ಕಶ್ಮಲವಿರಬೇಕು, ಇಲ್ಲವೇ ಎರಡು ಪ್ರಭೇದಗಳ ಕೂಡಿಕೆಯಿಂದ ಹುಟ್ಟಿ ಎರಡರ ವರ್ಣತಂತುಗಳನ್ನೂ ಹೊತ್ತ ಬಹುಗುಣಿತ ಗಿಡವಿರಬೇಕು. ಸ್ಫ್ಯಾಗ್ನಮ್ ಕುಲದಲ್ಲಿ ಇಂಥವು ಅಪರೂಪವೇನಲ್ಲ.

ಅಳತೆಯನ್ನೆಲ್ಲ ಡಿಎನ್‌ಎಯಿಂದ ಕಟ್ಟುವ ವಂಶವೃಕ್ಷ ಬರುವ ಮುಂಚೆಯೇ ಮುಗಿಸಿ ಬರೆದಿಡುವುದು ನನ್ನ ಕ್ರಮ. ಗುಂಪು ಯಾವುದು ಎಂದು ಗೊತ್ತಾದ ಮೇಲೆ ಕಣ್ಣು ತನಗೆ ಬೇಕಾದ ವ್ಯತ್ಯಾಸವನ್ನೇ ಕಾಣುತ್ತದೆ. ಕೋಶಕೇಂದ್ರದ ವೃಕ್ಷವೂ ಕ್ಲೋರೋಪ್ಲಾಸ್ಟಿನ ವೃಕ್ಷವೂ ಒಂದೇ ಕವಲನ್ನು ತೋರಿಸಿದರೆ ಮುಂದಿನ ಹೆಜ್ಜೆ. ಒಂದು ಹೌದೆಂದು ಇನ್ನೊಂದು ಅಲ್ಲವೆಂದರೆ ಹೆಸರಿನ ಮಾತೇ ಎತ್ತುವುದಿಲ್ಲ. ಸಂಕರ ಆಗಿರಬಹುದು, ಕವಲೊಡೆದು ಹೆಚ್ಚು ಕಾಲ ಆಗದೆ ಹಳೆಯ ಜೀನ್ ರೂಪಗಳು ಎರಡೂ ಕಡೆ ಉಳಿದಿರಬಹುದು.

ಆಮೇಲೆ ಬರುವುದು ನನಗೆ ತುಂಬ ಇಷ್ಟದ ಘಟ್ಟ, ಮತ್ತೆ ಮೈಕ್ರೋಸ್ಕೋಪಿಗೆ ಮರಳುವುದು. ಜೀನ್ ಎರಡು ಗುಂಪು ತೋರಿಸಿದ ಮೇಲೆ ಬೀಜಕಕೋಶದ ಗೋಡೆಯ ಪತ್ರರಂಧ್ರ ಮೇಲ್ಮೈಯಲ್ಲಿದೆಯೋ ಪಕ್ಕದ ಕೋಶಗಳ ಕೆಳಗೆ ಹುದುಗಿದೆಯೋ, ಬಾಯಿಯ ಸುತ್ತಲ ಹಲ್ಲುಗಳು ಒಣಗಿದಾಗ ಹಿಂದಕ್ಕೆ ಮಡಚುತ್ತವೆಯೋ ನೆಟ್ಟಗೆ ನಿಲ್ಲುತ್ತವೆಯೋ, ಆ ಹಲ್ಲುಗಳ ಮೇಲಿನ ಕೆತ್ತನೆ ಗೆರೆಯೋ ಚುಕ್ಕಿಯೋ ಎಂದೆಲ್ಲ ಮತ್ತೆ ಕೂತು ನೋಡುತ್ತೇನೆ. ಎಲೆಯ ಅಗಲ, ಗಿಡದ ಎತ್ತರಗಳನ್ನು ನಾನು ನಂಬುವುದು ಕಡಿಮೆ. ನೆರಳು, ತೇವ ಬದಲಾದರೆ ಅವೂ ಬದಲಾಗುತ್ತವೆ. ಸಾಧ್ಯವಾದಲ್ಲಿ ಎರಡೂ ಗುಂಪುಗಳನ್ನು ಒಂದೇ ಬೆಳಕು, ಒಂದೇ ತೇವದಲ್ಲಿ ಅಕ್ಕಪಕ್ಕ ಬೆಳೆಸಿ ನೋಡುವುದೇ ಸರಿ. ಹೀಗೆ ಹುಡುಕಿದಾಗ ಬಹಳಷ್ಟು ‘ಗುಪ್ತ’ ಪ್ರಭೇದಗಳು ಅಷ್ಟೇನೂ ಗುಪ್ತವಲ್ಲ ಎಂದಾಗುತ್ತದೆ. ಆರ್ಥೋಟ್ರೈಕಮ್ ಕಾನ್ಸಿಮಿಲೆ ಎಂಬ ಹೆಸರಿನಡಿ ಇದ್ದ ಗುಂಪನ್ನು 2012ರಲ್ಲಿ ಬಿಡಿಸಿದವರು ತೋರಿಸಿಕೊಟ್ಟದ್ದು ಇದನ್ನೇ.

ನಕ್ಷೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ಲೆವಿನ್‌ಸ್ಕಿಯಾ ಅಫಿನಿಸ್. ಲೇಖನದ ಮೊದಲಲ್ಲಿ ಹೇಳಿದ ಮೂರೂ ಕಡೆ ಇದೆ ಎಂದು ಬರೆಯಲಾಗುತ್ತಿದ್ದ ಹಾವಸೆ ಇದೇ. 2019ರ ಅಧ್ಯಯನ ಇದರೊಳಗೆ ಕನಿಷ್ಠ 7 ಪ್ರಭೇದಗಳನ್ನು ಗುರುತಿಸಿತು. ನಾಲ್ಕು ಹೊಚ್ಚ ಹೊಸವು, ಇನ್ನೆರಡು ಹಿಂದೆ ಯಾರೋ ಹೆಸರಿಟ್ಟು, ಬಳಿಕ ಅಫಿನಿಸ್ ಒಳಗೆ ಸೇರಿಸಿಬಿಟ್ಟಿದ್ದವು. ಏಳರಲ್ಲಿ ಒಂದೂ ಸಾಗರದ ಎರಡೂ ದಡದಲ್ಲಿ ಇಲ್ಲ. ಪಶ್ಚಿಮ ಉತ್ತರ ಅಮೆರಿಕದ ಮೂರು ತಮ್ಮತಮ್ಮಲ್ಲೇ ಹತ್ತಿರ, ಹಳೆಯ ಜಗತ್ತಿನ (ಯುರೋಪ್, ಏಷ್ಯಾ, ಆಫ್ರಿಕಾ) ನಾಲ್ಕು ತಮ್ಮತಮ್ಮಲ್ಲೇ ಹತ್ತಿರ. ಅಂದರೆ ಖಂಡ ದಾಟಿದ್ದು ಅಪರೂಪಕ್ಕೆ, ಕವಲೊಡೆದದ್ದು ಆಯಾ ಖಂಡದೊಳಗೆ.

ಇದನ್ನು ಓದಿ ‘ಗಾಳಿಯ ಕಥೆಯೆಲ್ಲ ಸುಳ್ಳು’ ಎನ್ನುವವರ ಜೊತೆ ನನಗೆ ಜಗಳವಿದೆ. ದಕ್ಷಿಣಾರ್ಧಗೋಳದ ದ್ವೀಪಗಳ ಮತ್ತು ಖಂಡಗಳ ಅಂಚಿನ ಹಾವಸೆ ಪಟ್ಟಿಗಳನ್ನು ಉಪಗ್ರಹದ ಗಾಳಿ ದಾಖಲೆಗಳೊಂದಿಗೆ ಹೋಲಿಸಿದ 2004ರ ಕೆಲಸದಲ್ಲಿ, ಹತ್ತಿರ ಇರುವ ಜಾಗಗಳಿಗಿಂತ ಗಾಳಿ ಜೋಡಿಸುವ ಜಾಗಗಳ ನಡುವೆ ಹೋಲಿಕೆ ಹೆಚ್ಚಿತ್ತು. ಸೆರಾಟೊಡಾನ್ ಪರ್ಪ್ಯೂರಿಯಸ್ ಎಂಬ ಸರ್ವವ್ಯಾಪಿ ಹಾವಸೆ ಖಂಡದಿಂದ ಖಂಡಕ್ಕೆ ಹೋಗಿರುವ ಗುರುತು ಅದರ ಜೀನುಗಳಲ್ಲೇ ಇದೆ. ಇನ್ನು ಗ್ರಿಮಿಯಾ ಲೀವಿಗೇಟಾ. ಕ್ಯಾಲಿಫೋರ್ನಿಯಾದ ಬಂಡೆಗಳಲ್ಲಿ ಅದನ್ನು ನೋಡಿದವರಿಗೆ ಎರಡು ಗುಪ್ತ ಗುಂಪು ಕಂಡವು, ಎರಡರ ಹರವೂ ಒಂದರ ಮೇಲೊಂದು ಬಿದ್ದಿವೆ. ಅಲ್ಲಿ ಸಾಗರವೂ ಇಲ್ಲ, ಬೇಲಿಯೂ ಇಲ್ಲ. ಒಂದೊಂದು ಹೆಸರನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ಒಡೆದ ಮೇಲೆ ಹೆಸರಿನ ಪಾಡು ಬೇರೆ. ಸ್ಫ್ಯಾಗ್ನಮ್ ಮೆಗಲಾನಿಕಮ್‌ನ ಮೂಲ ಮಾದರಿ ದಕ್ಷಿಣ ಅಮೆರಿಕದ ತುದಿಯ ಮೆಗಲನ್ ಜಲಸಂಧಿಯದು. ಉತ್ತರಾರ್ಧಗೋಳದ ಜವುಗುಗಳ ಕೆಂಪು ಸ್ಫ್ಯಾಗ್ನಮ್‌ಗೂ ಎಲ್ಲರೂ ಅದೇ ಹೆಸರು ಬಳಸುತ್ತಿದ್ದರು. 2018ರಲ್ಲಿ ಉತ್ತರದ ಗಿಡಗಳು ಎರಡು ಬೇರೆ ಪ್ರಭೇದ ಎಂದು ತೋರಿದಾಗ, ಹೆಸರು ದಕ್ಷಿಣದಲ್ಲೇ ಉಳಿಯಿತು. ಉತ್ತರದ ಒಂದಕ್ಕೆ 1881ರಿಂದ ಇದ್ದ ಮೀಡಿಯಮ್ ಎಂಬ ಹೆಸರು ಮರಳಿ ಬಂತು, ಇನ್ನೊಂದು ಡಿವೈನಮ್ ಎಂಬ ಹೊಸ ಹೆಸರು ಪಡೆಯಿತು. ಅದಕ್ಕೆ ಮುಂಚಿನ ಪರಿಸರ ಅಧ್ಯಯನಗಳಲ್ಲಿ ಮೆಗಲಾನಿಕಮ್ ಎಂದು ಬರೆದಿರುವುದು ಎರಡರಲ್ಲಿ ಯಾವುದು ಎಂದು ತಿಳಿಯಲು, ಆ ಮಾದರಿಯನ್ನು ಯಾರಾದರೂ ಪೊಟ್ಟಣದಲ್ಲಿ ಉಳಿಸಿದ್ದರೆ ಮಾತ್ರ ದಾರಿ.

ಆದ್ದರಿಂದ ಪೊಟ್ಟಣದ ಮೇಲಿನ ಹಳೆಯ ಚೀಟಿಯನ್ನು ನಾನು ಕೀಳುವುದಿಲ್ಲ. ಹೊಸ ನಿರ್ಧಾರವನ್ನು ಬೇರೆ ಚೀಟಿಯಲ್ಲಿ ಬರೆದು, ವರ್ಷ ಹಾಕಿ, ಯಾವ ಲಕ್ಷಣ ನೋಡಿ ತೀರ್ಮಾನಿಸಿದೆ, ಡಿಎನ್‌ಎ ತೆಗೆದ ಕಾಂಡದ ಸಂಖ್ಯೆ ಏನು ಎಂದು ಸೇರಿಸಿ ಪಕ್ಕದಲ್ಲಿ ಅಂಟಿಸುತ್ತೇನೆ. ಬೀಜಕಕೋಶವೇ ಇಲ್ಲದ ಪೊಟ್ಟಣಗಳನ್ನು ಹೊಸ ಹೆಸರುಗಳಿಗೆ ಹಂಚುವ ಗೋಜಿಗೇ ಹೋಗುವುದಿಲ್ಲ. ಅವು ‘ವಿಶಾಲಾರ್ಥದಲ್ಲಿ’ ಎಂಬ ಟಿಪ್ಪಣಿಯೊಂದಿಗೆ ಹಳೆಯ ಹೆಸರಿನಲ್ಲೇ ಇರುತ್ತವೆ, ನಕ್ಷೆಯಲ್ಲಿ ಅವುಗಳಿಗೆ ಚುಕ್ಕಿ ಇಡುವುದಿಲ್ಲ.