ಮೊಯಮೊಯ ಕಾಯಿಲೆಗೆ ಪ್ರೋಟೀನ್ ಗುರಿಗಳನ್ನು ಹುಡುಕಿದ ಬಗೆ: ನನ್ನ ಅನುಭವ

ಮಿದುಳಿಗೆ ರಕ್ತ ಒಯ್ಯುವ ಒಳ ಕೆರೋಟಿಡ್ ಅಪಧಮನಿಯ ತುದಿಭಾಗ ಕ್ರಮೇಣ ಕಿರಿದಾಗುವುದು, ಆ ಕೊರತೆಯನ್ನು ತುಂಬಲು ಮಿದುಳಿನ ತಳದಲ್ಲಿ ಬಲಹೀನವಾದ ಸಣ್ಣ ನಾಳಗಳು ಗೊಂಚಲಾಗಿ ಬೆಳೆಯುವುದು ಮೊಯಮೊಯ ಕಾಯಿಲೆಯ ಲಕ್ಷಣ. ನೆತ್ತಿಯ ಅಪಧಮನಿಯನ್ನು ಮಿದುಳಿನ ಅಪಧಮನಿಗೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ರಕ್ತದ ಹರಿವು ಸುಧಾರಿಸುತ್ತದೆಯೇ ಹೊರತು, ನಾಳ ಕಿರಿದಾಗುವುದನ್ನು ತಡೆಯುವ ಔಷಧ ಇನ್ನೂ ಬಂದಿಲ್ಲ. ಅಂಥ ಔಷಧ ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡಬೇಕು ಎಂಬ ಪ್ರಶ್ನೆಯನ್ನು ನಾನು ಕೈಗೆತ್ತಿಕೊಂಡೆ.

ರೋಗಿಗಳ ರಕ್ತವನ್ನು ಅಳೆದು ನೋಡಿದರೆ ಕೆಲವು ಪ್ರೋಟೀನುಗಳು ಹೆಚ್ಚಾಗಿರುತ್ತವೆ, ಆದರೆ ಅವು ಕಾಯಿಲೆಗೆ ಕಾರಣವೋ ಕಾಯಿಲೆಯ ಪರಿಣಾಮವೋ ಅಷ್ಟರಿಂದ ತಿಳಿಯುವುದಿಲ್ಲ. ಆದ್ದರಿಂದ ಮೆಂಡೆಲಿಯನ್ ರ‍್ಯಾಂಡಮೈಸೇಶನ್ ವಿಧಾನವನ್ನು ಆರಿಸಿಕೊಂಡೆ. ಒಂದು ಪ್ರೋಟೀನಿನ ಮಟ್ಟವನ್ನು ಹುಟ್ಟಿನಿಂದಲೇ ಏರಿಸುವ ಜೀನ್ ವ್ಯತ್ಯಾಸವು ಈ ಕಾಯಿಲೆಯ ಸಂಭವವನ್ನೂ ಬದಲಿಸುತ್ತದೆಯೇ ಎಂದು ಇದರಲ್ಲಿ ಪರೀಕ್ಷಿಸುತ್ತೇವೆ. ಪ್ರೋಟೀನುಗಳ ಮಾಹಿತಿಗೆ 35,559 ಐಸ್‌ಲ್ಯಾಂಡಿಗರ ರಕ್ತವನ್ನು ಅಳೆದು ಡಿಕೋಡ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ದತ್ತಾಂಶವನ್ನೂ, 2,923 ಪ್ರೋಟೀನುಗಳ ಬಗ್ಗೆ ಬ್ರಿಟನ್ನಿನ ಆರೋಗ್ಯ ಮಾಹಿತಿ ಭಂಡಾರವಾದ ಯುಕೆ ಬಯೋಬ್ಯಾಂಕಿನಿಂದ 2023ರಲ್ಲಿ ಹೊರಬಂದ ದತ್ತಾಂಶವನ್ನೂ ಬಳಸಿದೆ. ಕಾಯಿಲೆಯ ಮಾಹಿತಿ, ಜನರ ಜೀನು ಮತ್ತು ಆರೋಗ್ಯ ದಾಖಲೆಗಳನ್ನು ಒಟ್ಟಿಗೆ ನೋಡುವ ಫಿನ್‌ಲ್ಯಾಂಡಿನ ಫಿನ್‌ಜೆನ್ ಯೋಜನೆಯದು.

ಆಯಾ ಪ್ರೋಟೀನಿನ ಸ್ವಂತ ಜೀನಿನ ಆಸುಪಾಸಿನಲ್ಲಿರುವ ವ್ಯತ್ಯಾಸಗಳನ್ನಷ್ಟೇ ಇಟ್ಟುಕೊಂಡೆ, ಏಕೆಂದರೆ ದೂರದವು ಬೇರೆ ಹತ್ತು ದಾರಿಗಳಿಂದ ಕಾಯಿಲೆಯನ್ನು ಮುಟ್ಟಬಲ್ಲವು. ಅವುಗಳಲ್ಲೂ ಪ್ರೋಟೀನಿನ ರಚನೆಯನ್ನೇ ಬದಲಿಸುವ ವ್ಯತ್ಯಾಸ ಸಿಕ್ಕಾಗ ಅನುಮಾನದಿಂದಲೇ ನೋಡಬೇಕು: ಪ್ರೋಟೀನಿಗೆ ಅಂಟಿಕೊಂಡು ಅದನ್ನು ಅಳೆಯಲು ನೆರವಾಗುವ ಅಣುಗಳು (ಆಪ್ಟಮರ್ ಅಥವಾ ಪ್ರತಿಕಾಯ) ಅಲ್ಲಿ ಸರಿಯಾಗಿ ಅಂಟದೆ, ಪ್ರೋಟೀನಿನ ಮಟ್ಟ ನಿಜವಾಗಿ ಇಳಿಯದಿದ್ದರೂ ಇಳಿದಂತೆ ತೋರಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡಿದ್ದು ಕೊಲೊಕಲೈಸೇಶನ್ ಪರೀಕ್ಷೆ. ಒಂದು ಜಾಗದ ಜೀನ್ ವ್ಯತ್ಯಾಸಗಳಿಗೆ ಪ್ರೋಟೀನಿನೊಂದಿಗೂ ಕಾಯಿಲೆಯೊಂದಿಗೂ ಇರುವ ನಂಟಿನ ಬಗ್ಗೆ ಹಲವು ಊಹೆಗಳನ್ನಿಟ್ಟು, ಪ್ರತಿಯೊಂದರ ಸಂಭವನೀಯತೆಯನ್ನು ಇದು ಲೆಕ್ಕ ಹಾಕುತ್ತದೆ. ಪ್ರೋಟೀನನ್ನೂ ಕಾಯಿಲೆಯನ್ನೂ ನಿಯಂತ್ರಿಸುವುದು ಒಂದೇ ವ್ಯತ್ಯಾಸ ಎಂಬ ನಾಲ್ಕನೆಯ ಊಹೆಯ ಸಂಭವನೀಯತೆ 0.8 ದಾಟಿದರೆ ಬಲವಾದ ಪುರಾವೆ ಎನ್ನುವುದು ರೂಢಿ. ಅದು ದಾಟದಿದ್ದಾಗ ಪ್ರೋಟೀನನ್ನು ಒಡನೆಯೇ ಕೈಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಊಹೆ ಮೇಲೆದ್ದಿದ್ದರೆ ಪಕ್ಕಪಕ್ಕದ ಎರಡು ಬೇರೆ ವ್ಯತ್ಯಾಸಗಳು ಕೆಲಸ ಮಾಡುತ್ತಿವೆ ಎಂದರ್ಥ, ಅದನ್ನು ಬಿಡಬಹುದು. ಮೊದಲನೆಯದು, ಅಂದರೆ ಆ ಜಾಗದ ನಂಟು ಪ್ರೋಟೀನಿನೊಂದಿಗಷ್ಟೇ ಕಾಣುತ್ತದೆ, ಕಾಯಿಲೆಯೊಂದಿಗೆ ಕಾಣುವುದಿಲ್ಲ ಎಂಬುದು, ಮೇಲೆದ್ದಿದ್ದರೆ ರೋಗಿಗಳ ಸಂಖ್ಯೆ ಸಾಲದೆ ಹೋಗಿರುವ ಸಾಧ್ಯತೆಯೂ ಉಂಟು, ಮತ್ತು ಇಷ್ಟು ವಿರಳವಾದ ಕಾಯಿಲೆಯಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನೊಂದು ಮಿತಿ ಮೂಲದಲ್ಲೇ ಇದೆ. ಆರ್‌ಎನ್‌ಎಫ್213 ಜೀನನ್ನು ಈ ಕಾಯಿಲೆಯೊಂದಿಗೆ ಜೋಡಿಸಿದ್ದು 2011ರ ಜಪಾನಿನ ಸಂಶೋಧನೆಗಳು. ಅಲ್ಲಿನ ಬಹುಪಾಲು ರೋಗಿಗಳಲ್ಲಿರುವ, ಆ ಜೀನಿನ ಆರ್4810ಕೆ ಎಂಬ ವ್ಯತ್ಯಾಸ ಯುರೋಪಿಯನ್ನರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಐಸ್‌ಲ್ಯಾಂಡ್, ಫಿನ್‌ಲ್ಯಾಂಡುಗಳ ದತ್ತಾಂಶದಿಂದ ಬಂದ ಹೆಸರನ್ನು ಪೂರ್ವ ಏಷ್ಯಾದ ರೋಗಿಗಳಲ್ಲಿ ಪರೀಕ್ಷಿಸದೆ ಗುರಿ ಎಂದು ಕರೆಯಲು ನಾನು ಒಪ್ಪಲಿಲ್ಲ.

ಪಟ್ಟಿಯಲ್ಲಿ ಉಳಿದ ಪ್ರೋಟೀನುಗಳಿಗೆ ಇನ್ನೂ ಒಂದು ಜರಡಿ ಹಿಡಿದೆ. ದೊಡ್ಡವರಲ್ಲಿ ಈ ಕಾಯಿಲೆ ಎಷ್ಟೋ ಸಲ ಮಿದುಳಿನ ರಕ್ತಸ್ರಾವವಾಗಿ ಕಾಣಿಸಿಕೊಳ್ಳುವುದರಿಂದ, ಅದೇ ಜೀನ್ ವ್ಯತ್ಯಾಸಗಳು ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆಯೇ ಎಂದು ಬೇರೆ ದತ್ತಾಂಶಗಳಲ್ಲಿ ನೋಡಿದೆ. ಹೆಚ್ಚಿಸುವ ಸುಳಿವಿದ್ದ ಪ್ರೋಟೀನನ್ನು, ನಾಳ ಕಿರಿದಾಗುವುದನ್ನು ಅದು ತಡೆಯಬಲ್ಲದು ಎಂದು ಲೆಕ್ಕ ಹೇಳಿದರೂ, ಪ್ರಯೋಗಾಲಯಕ್ಕೆ ಕಳುಹಿಸುವ ಪಟ್ಟಿಯಿಂದ ತೆಗೆದುಹಾಕಿದೆ.